ಹಾಡು ಸಿನಿಮಾದ್ದು, ಅರ್ಥ ಅಭಿಮಾನಿಯದ್ದು: ಫ್ಯಾನ್ ಎಡಿಟ್ ನೋಡಲು ಕಲಿಯುವ ಬಗೆ

ಶುಕ್ರವಾರದ ಊಟ ಮುಗಿದಿದೆ. ಮಗಳು ಪಕ್ಕದಲ್ಲಿ ಬಂದು ಕೂತು ಫೋನನ್ನು ನಿಮ್ಮ ಮುಖದ ಮುಂದೆ ಹಿಡಿಯುತ್ತಾಳೆ. "ಅಪ್ಪ, ಈ ಎಡಿಟ್ ನೋಡು, ಸಖತ್ತಾಗಿದೆ." ನಲವತ್ತು ಸೆಕೆಂಡಿನೊಳಗೆ ಅಷ್ಟೇ ಸಂಖ್ಯೆಯ ಶಾಟ್‌ಗಳು ಸರಸರ ಸರಿದುಹೋಗುತ್ತವೆ. ಹಾಡು ಒಂದು ಸಿನಿಮಾದ್ದು, ದೃಶ್ಯ ಇನ್ನೊಂದರದ್ದು, ನಡುವೆ ಎಲ್ಲೋ ಕೇಳಿದ ಡೈಲಾಗು. ನೀವು "ಹ್ಞೂಂ, ಚೆನ್ನಾಗಿದೆ" ಅಂದು ಫೋನ್ ವಾಪಸ್ ಕೊಡುತ್ತೀರಿ. ನಿಮಗೆ ತಲೆಬುಡ ತಿಳಿಯಲಿಲ್ಲ ಅನ್ನುವುದು ಅವಳಿಗೂ ಗೊತ್ತಾಗಿರುತ್ತದೆ. ಮುಂದಿನ ಸಲ ಅವಳು ತೋರಿಸಲು ಬರುವುದಿಲ್ಲ.

ದೋಹಾದ ಕನ್ನಡ ಮನೆಗಳಲ್ಲಿ ಇದು ದಿನದ ಮಾತು. ಇಲ್ಲಿ ಬೆಳೆಯುವ ಮಕ್ಕಳು ಕನ್ನಡ ಸಿನಿಮಾವನ್ನು ಮೊದಲಿಂದ ಕೊನೆವರೆಗೆ ಕೂತು ನೋಡುವುದು ಕಡಿಮೆ. ಅಣ್ಣಾವ್ರು, ಶಂಕರ್‌ನಾಗ್, ಅಪ್ಪು ಈ ಮಕ್ಕಳಲ್ಲಿ ಎಷ್ಟೋ ಮಂದಿಗೆ ಮೊದಲು ಸಿಕ್ಕಿದ್ದೇ ಇಂಥ ತುಣುಕುಗಳಲ್ಲಿ. ಅದೇ ಫೋನಿಗೆ ಮಲಯಾಳಿ ಗೆಳತಿ ಮೋಹನ್‌ಲಾಲ್ ಎಡಿಟ್ ಕಳಿಸುತ್ತಾಳೆ, ಈಜಿಪ್ಟಿನ ಸಹಪಾಠಿ ಜಪಾನಿನ ಅನಿಮೆ ಕಳಿಸುತ್ತಾನೆ. ಎಲ್ಲಕ್ಕೂ ಒಂದೇ ವ್ಯಾಕರಣ. ಅದು ಮಕ್ಕಳಿಗೆ ನೋಡುತ್ತ ನೋಡುತ್ತ ಬಂದುಬಿಟ್ಟಿದೆ. ದೊಡ್ಡವರು ಸ್ವಲ್ಪ ಕೂತು ಕಲಿಯಬೇಕು. ಕಷ್ಟವೇನಿಲ್ಲ, ಒಂದು ವಾರಾಂತ್ಯ ಸಾಕು.

ಯಾವುದು ಎಡಿಟ್, ಯಾವುದಲ್ಲ

ಫೋನಿನಲ್ಲಿ ಹಾಡು ಹಾಕಿ ಓಡುವುದೆಲ್ಲ ಒಂದೇ ಜಾತಿಯಲ್ಲ. ಸಾಹಿತ್ಯದ ಸಾಲುಗಳು ಪರದೆಯ ಮೇಲೆ ಓಡಿದರೆ ಅದು ಲಿರಿಕಲ್ ವಿಡಿಯೊ. ಸಿನಿಮಾದ ಹಾಡನ್ನು ಅದೇ ದೃಶ್ಯದ ಸಮೇತ ಕತ್ತರಿಸಿ ಹಾಕಿದರೆ ಅದು ವಾಟ್ಸ್‌ಆ್ಯಪ್ ಸ್ಟೇಟಸ್. ಇಲ್ಲಿ ಹೇಳಹೊರಟಿರುವುದು ಮೂರನೆಯದು: ಅಭಿಮಾನಿಯೊಬ್ಬ ಒಂದು ಕಡೆಯ ದೃಶ್ಯಗಳನ್ನು ಆಯ್ದು, ಇನ್ನೊಂದು ಕಡೆಯ ಹಾಡಿಗೆ ಜೋಡಿಸಿ, ಮೂಲದಲ್ಲಿ ಇಲ್ಲದ ಒಂದು ಮಾತನ್ನು ಹೇಳುವ ವಿಡಿಯೊ.

ಇದಕ್ಕೆ ಅರ್ಧ ಶತಮಾನದ ಇತಿಹಾಸವಿದೆ. 1975ರಲ್ಲಿ ಅಮೆರಿಕದ ಕ್ಯಾಂಡಿ ಫಾಂಗ್ ಎಂಬಾಕೆ 'ಸ್ಟಾರ್ ಟ್ರೆಕ್' ಧಾರಾವಾಹಿಯ ಸ್ಥಿರಚಿತ್ರಗಳನ್ನು ಸ್ಲೈಡ್ ಪ್ರೊಜೆಕ್ಟರಿಗೆ ಹಾಕಿ, ಹಾಡಿಗೆ ಸರಿಯಾಗಿ ಒಂದೊಂದೇ ಬದಲಿಸುತ್ತ ಅಭಿಮಾನಿಗಳ ಸಭೆಯಲ್ಲಿ ತೋರಿಸಿದರು. 1982ರಲ್ಲಿ ಜಿಮ್ ಕಪೋಸ್ಟಾಸ್ ಎರಡು ವಿಸಿಆರ್‌ಗಳನ್ನು ಜೋಡಿಸಿಕೊಂಡು, ಜಪಾನಿನ ಯುದ್ಧದ ಅನಿಮೆಯೊಂದರ ಅತಿ ಹಿಂಸೆಯ ದೃಶ್ಯಗಳಿಗೆ ಬೀಟಲ್ಸ್‌ನ ಪ್ರೇಮದ ಹಾಡು ಹಾಕಿದರು. ನಮ್ಮಲ್ಲಿ ಇದು ಹಬ್ಬಿದ್ದು ಸ್ಮಾರ್ಟ್‌ಫೋನ್ ಬಂದ ಮೇಲೆ. ಹಬ್ಬಿ ಎಲ್ಲಿಗೆ ಮುಟ್ಟಿತು ಅನ್ನುವುದಕ್ಕೆ ಕಲಬುರಗಿಯ ಉಜ್ವಲ್ ಕುಲಕರ್ಣಿ ಸಾಕ್ಷಿ. ಯೂಟ್ಯೂಬಿಗೆಂದು ಕಿರುಚಿತ್ರ, ಅಭಿಮಾನಿ ವಿಡಿಯೊ ಕತ್ತರಿಸುತ್ತಿದ್ದ ಹುಡುಗ ಇಪ್ಪತ್ತರ ಆಸುಪಾಸಿನಲ್ಲೇ 'ಕೆಜಿಎಫ್: ಚಾಪ್ಟರ್ 2'ರ ಸಂಕಲನಕಾರನಾದ. ಆ ಸಿನಿಮಾ ತೆರೆಕಂಡಿದ್ದು 2022ರ ಏಪ್ರಿಲ್ 14ಕ್ಕೆ. ಅದರಲ್ಲಿ ಶಾಟ್‌ಗಳ ನಡುವೆ ಪರದೆ ಕ್ಷಣಮಾತ್ರ ಕಪ್ಪಾಗಿ ಮತ್ತೆ ಬೆಳಗುವ ವರಸೆ ನೋಡಿ "ಇದೇನಪ್ಪ ಕಣ್ಣು ಕುಕ್ಕುತ್ತೆ" ಅಂದವರು ಬಹಳ ಮಂದಿ. ಆ ವರಸೆ ಫೋನಿನ ಎಡಿಟ್‌ಗಳಲ್ಲಿ ನಿತ್ಯ ಕಾಣುವಂಥದ್ದೇ.

ಇದು ಹೇಗೆ ಕೆಲಸ ಮಾಡುತ್ತದೆ

ಕತಾರ್‌ನಲ್ಲಿರುವ ಕನ್ನಡಿಗರಲ್ಲಿ ಕರಾವಳಿಯವರು ಹೆಚ್ಚು. ಅವರಿಗೆ ಒಂದೇ ಮಾತಿನಲ್ಲಿ ಹೇಳಬಹುದು: ಇದು ತಾಳಮದ್ದಳೆ. ಭಾಗವತರು ಪದ್ಯ ಹಾಡುತ್ತಾರೆ. ಪದ್ಯ ಹಳೆಯದು, ಕಥೆ ಎಲ್ಲರಿಗೂ ಗೊತ್ತಿರುವುದು, ವಾಲಿ ಸಾಯುತ್ತಾನೆ ಅನ್ನುವುದರಲ್ಲಿ ಗುಟ್ಟೇನಿಲ್ಲ. ಆದರೂ ಜನ ರಾತ್ರಿಯಿಡೀ ಕೂರುತ್ತಾರೆ, ಯಾಕೆಂದರೆ ಅದೇ ಪದ್ಯಕ್ಕೆ ಅರ್ಥಧಾರಿ ಇವತ್ತು ಯಾವ ಅರ್ಥ ಹೇಳುತ್ತಾನೆ ಅನ್ನುವುದು ಗುಟ್ಟು. ಕಾಸರಗೋಡು ಸೀಮೆಯ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ ರಾಮನನ್ನು ಪ್ರಶ್ನೆ ಕೇಳುವಾಗ ಕಥೆ ಬದಲಾಗುತ್ತಿರಲಿಲ್ಲ, ಕೇಳುವವರ ಮನಸ್ಸಿನಲ್ಲಿ ರಾಮ ನಿಂತ ಜಾಗ ಬದಲಾಗುತ್ತಿತ್ತು. ಎಡಿಟ್‌ನಲ್ಲಿಯೂ ಹಾಗೆಯೇ. ಹಾಡು ಗೊತ್ತಿರುವುದು, ಸಿನಿಮಾ ಗೊತ್ತಿರುವುದು. ಮಾಡಿದವನು ಅರ್ಥಧಾರಿ, ಅವನ ಬಾಯಲ್ಲಿ ಮಾತಿಲ್ಲ, ಕೈಯಲ್ಲಿ ಕತ್ತರಿ ಇದೆ. "ಇದರಲ್ಲಿ ಕಥೆ ಏನು?" ಎಂದು ಹುಡುಕಲು ಹೊರಟವರಿಗೆ ಏನೂ ಸಿಗದಿರುವುದು ಅದಕ್ಕೇ. ಕೇಳಬೇಕಾದ ಪ್ರಶ್ನೆ, ಇವನು ಹೇಳುವ ಅರ್ಥ ಏನು?

ಕತ್ತರಿಗೆ ಅರ್ಥ ಹುಟ್ಟಿಸುವ ಶಕ್ತಿ ಎಲ್ಲಿಂದ ಬಂತು ಅನ್ನುವುದನ್ನು ರಷ್ಯಾದ ಲೆವ್ ಕುಲೆಶೋವ್ ಶತಮಾನದ ಹಿಂದೆಯೇ ತೋರಿಸಿದ್ದರು. ನಟನೊಬ್ಬನ ಭಾವವಿಲ್ಲದ ಒಂದೇ ಮುಖವನ್ನು ಒಮ್ಮೆ ಸೂಪಿನ ಬಟ್ಟಲಿನ ಪಕ್ಕ, ಒಮ್ಮೆ ಶವಪೆಟ್ಟಿಗೆಯ ಮಗುವಿನ ಪಕ್ಕ ಇಟ್ಟರೆ ನೋಡಿದವರಿಗೆ ಮೊದಲು ಹಸಿವು ಕಂಡಿತು, ಆಮೇಲೆ ದುಃಖ ಕಂಡಿತು.

ದೋಹಾದವರಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಲುಸೈಲ್‌ನಲ್ಲೇ ಇದೆ. 2014ರ ಜುಲೈ 13ರಂದು ರಿಯೊದ ಮರಕಾನಾದಲ್ಲಿ ಅರ್ಜೆಂಟೀನಾ ಜರ್ಮನಿಗೆ 1-0ಯಿಂದ ಸೋತಾಗ ಮೆಸ್ಸಿ ಗೋಲ್ಡನ್ ಬಾಲ್ ಪಡೆಯಲು ಹೋಗುತ್ತ ವಿಶ್ವಕಪ್ಪಿನ ಪಕ್ಕದಲ್ಲೇ ನಡೆದುಹೋದರು. ಕಣ್ಣು ಕಪ್ಪಿನ ಮೇಲೆ, ಕೈ ಮಾತ್ರ ದೂರ. 2022ರ ಡಿಸೆಂಬರ್ 18ರಂದು ಲುಸೈಲ್ ಕ್ರೀಡಾಂಗಣದಲ್ಲಿ 3-3 ಸಮವಾಗಿ, ಪೆನಾಲ್ಟಿಯಲ್ಲಿ 4-2ರಿಂದ ಫ್ರಾನ್ಸನ್ನು ಮಣಿಸಿದ ಮೇಲೆ ಅದೇ ಮೆಸ್ಸಿ ಅದೇ ಗೋಲ್ಡನ್ ಬಾಲ್ ಹಿಡಿದು ಬಂದು, ಈ ಸಲ ಬಗ್ಗಿ ಕಪ್ಪಿಗೆ ಮುತ್ತಿಟ್ಟರು. ಎರಡು ಶಾಟ್, ನಡುವೆ ಎಂಟು ವರ್ಷ. ಇವೆರಡನ್ನೂ ಪಕ್ಕಪಕ್ಕ ಇಟ್ಟು ಯಾವ ಹಾಡು ಹಾಕುತ್ತೀರಿ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಅಬ್ಬರದ ಮಾಸ್ ಹಾಡು ಹಾಕಿದರೆ ಅದು ಸೇಡು. ತಾಯಿಯ ಮೇಲಿನ ಹಾಡು ಹಾಕಿದರೆ ಮನೆಗೆ ಮರಳಿದವನ ಕಥೆ. ವಿರಹದ ಹಾಡು ಹಾಕಿದರೆ ಕಪ್ಪೇ ನಾಯಕಿ! ಅಮೀರ್ ಶೇಖ್ ತಮೀಮ್ ಅವರು ಅಂದು ಮೆಸ್ಸಿಗೆ ತೊಡಿಸಿದ ಕಪ್ಪು ಬಿಶ್ತ್ (ಅರಬ್ ಮೇಲಂಗಿ) ಕೂಡ ಅಷ್ಟೇ: ಒಂದು ಎಡಿಟ್‌ನಲ್ಲಿ ಪಟ್ಟಾಭಿಷೇಕ, ಇನ್ನೊಂದರಲ್ಲಿ ಜರ್ಸಿ ಮುಚ್ಚಿಹೋಯಿತು ಅನ್ನುವ ಮುನಿಸು.

ಇಷ್ಟು ಮನಸ್ಸಿಗೆ ಬಂದರೆ ಮುಂದಿನದು ಅಭ್ಯಾಸ.

ನೋಡುವ ಕ್ರಮ

ಆದಷ್ಟು ಲ್ಯಾಪ್‌ಟಾಪಿನಲ್ಲಿ ನೋಡಿ, ಕಿವಿಗೆ ಹೆಡ್‌ಫೋನ್ ಇರಲಿ. ಯೂಟ್ಯೂಬ್ ಆದರೆ ಕೀಬೋರ್ಡಿನ ಕೆ ಒತ್ತಿದರೆ ವಿಡಿಯೊ ನಿಲ್ಲುತ್ತದೆ. ನಿಲ್ಲಿಸಿದ ಮೇಲೆ ಪೂರ್ಣವಿರಾಮದ ಕೀ ಒತ್ತಿದರೆ ಒಂದೊಂದೇ ಫ್ರೇಮ್ ಮುಂದಕ್ಕೆ, ಅಲ್ಪವಿರಾಮದ ಕೀ ಒತ್ತಿದರೆ ಹಿಂದಕ್ಕೆ. ಸೆಟ್ಟಿಂಗ್ಸ್‌ನಲ್ಲಿ ವೇಗವನ್ನು ಅರ್ಧಕ್ಕೆ ಇಳಿಸಬಹುದು. ಇವಿಷ್ಟೇ ಸಲಕರಣೆ.

1. ಮೊದಲು ಕಣ್ಣು ಮುಚ್ಚಿ ಹಾಡು ಕೇಳಿ. ಎಡಿಟ್‌ಗೆ ಹಾಡೇ ಚಿತ್ರಕಥೆ. ಎಲ್ಲಿ ಪಲ್ಲವಿ, ಎಲ್ಲಿ ಚರಣ, ಎಲ್ಲಿ ಬರೀ ವಾದ್ಯ ಎಂದು ಗುರುತು ಹಾಕಿಕೊಳ್ಳಿ. ಬಹಳ ಮುಖ್ಯವಾದ ಇನ್ನೊಂದಿದೆ: ಹಾಡಿನಲ್ಲಿ 'ನಾನು' ಯಾರು, 'ನೀನು' ಯಾರು? ಮೂಲ ಸಿನಿಮಾದಲ್ಲಿ ಅದು ನಾಯಕ ನಾಯಕಿ ಇರಬಹುದು. ಎಡಿಟ್‌ನಲ್ಲಿ ಆ ಸ್ಥಾನಕ್ಕೆ ಬೇರೆಯವರು ಬಂದಿರುತ್ತಾರೆ. 'ನಾನು' ಎಂಬ ಪದ ಬಿದ್ದಾಗ ತೆರೆಯ ಮೇಲೆ ಯಾರ ಮುಖ ಇದೆಯೋ ಅವರೇ ಈ ಎಡಿಟ್‌ನ ವೇಷಧಾರಿ. ಈ ಒಂದು ಕೀಲಿ ಸಿಕ್ಕರೆ ಅರ್ಧ ಬಾಗಿಲು ತೆರೆದಂತೆ.

2. ಎರಡನೆಯ ಸಲ ಸದ್ದು ಪೂರ್ತಿ ಅಡಗಿಸಿ ನೋಡಿ. ಮೊದಲ ಶಾಟ್ ಯಾವುದು, ಕೊನೆಯದು ಯಾವುದು? ಯಾವ ಮುಖ ಹೆಚ್ಚು ಸಲ ಬರುತ್ತದೆ? ಎಡದಿಂದ ಬಲಕ್ಕೆ ನಡೆಯುತ್ತಿದ್ದವನು ಮುಂದಿನ ಶಾಟ್‌ನಲ್ಲೂ ಅದೇ ದಿಕ್ಕಿಗೆ ಹೋಗುತ್ತಿದ್ದಾನೆಯೇ? ಎರಡು ಬೇರೆ ಸಿನಿಮಾದ ಇಬ್ಬರು ಒಬ್ಬರನ್ನೊಬ್ಬರು ನೋಡುತ್ತಿದ್ದಾರೆ ಎಂದು ನಿಮಗೆ ಅನ್ನಿಸಿದರೆ, ಒಬ್ಬ ಬಲಕ್ಕೆ ನೋಡುವ ಶಾಟ್, ಇನ್ನೊಬ್ಬ ಎಡಕ್ಕೆ ನೋಡುವ ಶಾಟ್ ಹುಡುಕಿ ತಂದವರ ಶ್ರಮ ಅದರ ಹಿಂದಿದೆ. 1983ರ ಸಿನಿಮಾದ ಮಗು ತಿರುಗಿ ನೋಡಿದರೆ 2017ರ ನಾಯಕ ನಿಂತಿರುತ್ತಾನೆ. ಸದ್ದಿದ್ದಾಗ ಈ ಕೈಚಳಕ ಕಣ್ಣು ತಪ್ಪಿಸಿಕೊಂಡು ಹೋಗುತ್ತದೆ.

3. ಮೂರನೆಯ ಸಲ ಎರಡನ್ನೂ ಕೂಡಿಸಿ. ಈಗ ಮಾತು ಮತ್ತು ಚಿತ್ರದ ಸಂಬಂಧ ಗಮನಿಸಿ. 'ಮಳೆ' ಎಂದಾಗ ಮಳೆ ತೋರಿಸುವುದು ಎಲ್ಲಕ್ಕಿಂತ ಸುಲಭದ ದಾರಿ. ಇಡೀ ವಿಡಿಯೊ ಹೀಗೇ ಇದ್ದರೆ ಮಾಡಿದವರು ಇನ್ನೂ ಕಲಿಯುತ್ತಿದ್ದಾರೆ ಅಂದುಕೊಳ್ಳಿ. 'ಮಳೆ' ಎಂದಾಗ ಒದ್ದೆ ಕಣ್ಣು ತೋರಿಸಿದರೆ ಒಂದು ಹೆಜ್ಜೆ ಮುಂದೆ. ಮಾತಿಗೆ ತದ್ವಿರುದ್ಧ ಚಿತ್ರ ಇಟ್ಟರೆ ಅಲ್ಲಿ ವ್ಯಂಗ್ಯ ಶುರು. 2007ರಲ್ಲಿ ಲ್ಯೂಮಿನಾಸಿಟಿ ಎಂಬ ಹೆಸರಿನಲ್ಲಿ ವಿಡಿಯೊ ಮಾಡುತ್ತಿದ್ದವರೊಬ್ಬರು '300' ಸಿನಿಮಾದ ಹುರಿಗಟ್ಟಿದ ಮೈಯ ಯೋಧರಿಗೆ ಮಡೋನಾಳ 'ವೋಗ್' ಹಾಡು ಹಾಕಿದರು. ಯುದ್ಧಭೂಮಿ ಫ್ಯಾಷನ್ ಶೋ ಆಯಿತು. ಗಂಡಸುತನದ ಬಗ್ಗೆ ದೊಡ್ಡ ಪ್ರಬಂಧ ಹೇಳಬೇಕಾದ್ದನ್ನು ಒಂದು ಹಾಡಿನ ಆಯ್ಕೆಯೇ ಹೇಳಿಬಿಟ್ಟಿತು. ನಮ್ಮ ಮಾಸ್ ಸಿನಿಮಾಗಳಿಗೆ ಯಾರಾದರೂ ಹೀಗೆ ಮಾಡಬಾರದೇ ಎಂದು ನನಗೆ ಆಗಾಗ ಆಸೆಯಾಗುತ್ತದೆ.

4. ತಾಳ ಹಿಡಿಯಿರಿ. ನಿಮಿಷಕ್ಕೆ 120 ಬಡಿತದ ಹಾಡಿನಲ್ಲಿ ಬಡಿತದಿಂದ ಬಡಿತಕ್ಕೆ ಅರ್ಧ ಸೆಕೆಂಡ್. ಸಿನಿಮಾ ಸೆಕೆಂಡಿಗೆ 24 ಫ್ರೇಮ್, ಅಂದರೆ ಒಂದು ಬಡಿತಕ್ಕೆ 12 ಫ್ರೇಮ್. ತೊಡೆಯ ಮೇಲೆ ಕೈತಾಳ ಹಾಕುತ್ತ ನೋಡಿದರೆ ಶಾಟ್ ಬದಲಾಗುವುದು ಎಲ್ಲಿ ಎಂದು ತಾನಾಗಿ ತಿಳಿಯುತ್ತದೆ. ಪ್ರತಿ ಬಡಿತಕ್ಕೂ ಕತ್ತರಿಸಿದ್ದರೆ ಅದು ಬೇಗ ಬೇಸರ ತರಿಸುತ್ತದೆ. ಪಳಗಿದ ಕೈ ನಾಲ್ಕು ಬಡಿತ ತಡೆದು ಐದನೆಯದಕ್ಕೆ ಕತ್ತರಿಸುತ್ತದೆ, ಅಥವಾ ಕತ್ತರಿಸುವುದೇ ಇಲ್ಲ. ಶಾಟ್‌ನೊಳಗೆ ಬಾಗಿಲು ಬಡಿಯುವುದು, ತಲೆ ತಿರುಗುವುದು, ಬ್ಯಾಟಿಗೆ ಚೆಂಡು ತಾಗುವುದು ಬಡಿತಕ್ಕೆ ಬೀಳುವಂತೆ ಜೋಡಿಸುತ್ತದೆ. ಕಪ್ಪು ಫ್ರೇಮುಗಳೂ ತಾಳದ ಲೆಕ್ಕದಲ್ಲೇ ಬರುತ್ತವೆ: ಅದು ಹುಸಿಪೆಟ್ಟು.

5. ಪಲ್ಲವಿ ಮರಳಿ ಬಂದಾಗ ಎಚ್ಚರವಾಗಿರಿ. ಸಾಲು ಅದೇ, ರಾಗ ಅದೇ. ಚಿತ್ರವೂ ಅದೇ ಇದೆಯೇ, ಬದಲಾಗಿದೆಯೇ? ಒಳ್ಳೆಯ ಎಡಿಟ್ ತನ್ನ ಅರ್ಥವನ್ನು ಮುಟ್ಟಿಸುವುದು ಸಾಮಾನ್ಯವಾಗಿ ಕೊನೆಯ ಪಲ್ಲವಿಯಲ್ಲಿ.

6. ಮೂಲ ದೃಶ್ಯ ಒಂದನ್ನಾದರೂ ಹುಡುಕಿ ನೋಡಿ. ನಗುವ ಶಾಟ್ ಎಡಿಟ್‌ನಲ್ಲಿ ಪ್ರೀತಿಯ ನಗುವಾಗಿದ್ದರೆ ಮೂಲದಲ್ಲಿ ಅದು ಕೊಂಕುನಗು ಆಗಿರಬಹುದು. ಏನು ಸೇರಿಸಿದ ಅನ್ನುವುದಕ್ಕಿಂತ ಏನು ಬಿಟ್ಟ ಅನ್ನುವುದರಲ್ಲಿ ಅರ್ಥಧಾರಿಯ ಬುದ್ಧಿ ಕಾಣುತ್ತದೆ. ಇದಕ್ಕೆ ಸುಲಭದ ದಾರಿ ಮಕ್ಕಳನ್ನೇ ಕೇಳುವುದು. "ಈ ಸೀನ್ ಯಾವ ಸಿನಿಮಾದ್ದು ಪುಟ್ಟಿ?" ಎಂದು ನೀವು ಕೇಳಿದರೆ ಅವರು ಹೇಳುತ್ತಾರೆ. ಹಳೆಯ ಸಿನಿಮಾ ಆಗಿದ್ದರೆ ಹೇಳುವ ಸರದಿ ನಿಮ್ಮದು, ಆಟ ಸಮಸಮ ಆಗುತ್ತದೆ.

7. ಕೊನೆಗೆ ಒಂದು ವಾಕ್ಯ ಹೇಳಿ. "ಈ ವಿಡಿಯೊ ಹೇಳುವುದು ಏನೆಂದರೆ..." ಎಂದು ಶುರುಮಾಡಿ ಮುಗಿಸಲು ಆಗಬೇಕು. ಆಗದಿದ್ದರೆ ಇನ್ನೊಮ್ಮೆ ನೋಡಿ. ಆಗಲೂ ಆಗದಿದ್ದರೆ ತಪ್ಪು ನಿಮ್ಮದೇ ಆಗಬೇಕೆಂದಿಲ್ಲ. ಹೇಳಲು ಏನೂ ಇಲ್ಲದ ಎಡಿಟ್‌ಗಳೇ ಹೆಚ್ಚು.

ಒಂದನ್ನು ಬಿಡಿಸಿ ನೋಡೋಣ

ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ತೀರಿಕೊಂಡ ಮೇಲೆ ಕನ್ನಡದಲ್ಲಿ ಹುಟ್ಟಿದಷ್ಟು ಅಭಿಮಾನಿ ವಿಡಿಯೊಗಳು ಬೇರೆ ಯಾವ ಸಂದರ್ಭದಲ್ಲೂ ಹುಟ್ಟಿರಲಿಕ್ಕಿಲ್ಲ. ಅವುಗಳಲ್ಲಿ ಮತ್ತೆ ಮತ್ತೆ ಬಳಕೆಯಾದ ಹಾಡು 'ರಾಜಕುಮಾರ'ದ (2017) 'ಬೊಂಬೆ ಹೇಳುತೈತೆ'. ವಿಜಯ್ ಪ್ರಕಾಶ್ ಹಾಡಿದ, ವಿ. ಹರಿಕೃಷ್ಣ ಸಂಗೀತದ ಈ ಹಾಡಿಗೆ ಪುನೀತ್ ಬಾಲ್ಯದ 'ಬೆಟ್ಟದ ಹೂವು' (1985) ಸಿನಿಮಾದ ದೃಶ್ಯಗಳನ್ನು ಜೋಡಿಸಿದ್ದೊಂದು ನಿಮ್ಮ ಮುಂದಿದೆ ಅಂದುಕೊಳ್ಳಿ. ಯಾವ ಎಡಿಟ್‌ಗೂ ಹೊಂದುವ ಮಾದರಿ ಇದು.

ಹಾಡಿನಿಂದ ಶುರುಮಾಡಿ. ಅದೇ ಒಂದು ಅರ್ಥ ಹೇಳಿದ ಹಾಡು. ಅದರ ಬೊಂಬೆ ಬಂದಿದ್ದು 1971ರ 'ಕಸ್ತೂರಿ ನಿವಾಸ'ದಿಂದ. ಕೊಟ್ಟು ಕೊಟ್ಟು ಬರಿಗೈಯಾದರೂ ಕೊಡುವುದನ್ನು ಬಿಡದ ರಾಜ್‌ಕುಮಾರ್ ಪಾತ್ರದಿಂದ. ಮಗನ ಸಿನಿಮಾ ಅಪ್ಪನ ಬೊಂಬೆಯನ್ನು ಎತ್ತಿಕೊಂಡಿತು. ಈಗ ಅಭಿಮಾನಿ ಆ ಹಾಡನ್ನು ಎತ್ತಿಕೊಂಡಿದ್ದಾನೆ. ಒಂದರ ಒಳಗೊಂದು ಮೂರು ಪದರ ಆಯಿತು.

ಈಗ ದೃಶ್ಯ. ಎನ್. ಲಕ್ಷ್ಮೀನಾರಾಯಣ್ ನಿರ್ದೇಶಿಸಿದ 'ಬೆಟ್ಟದ ಹೂವು' ಸಿನಿಮಾದ ರಾಮು ಬಡವರ ಮನೆಯ ಹುಡುಗ. ಕುವೆಂಪು ಅವರ 'ಶ್ರೀ ರಾಮಾಯಣ ದರ್ಶನಂ' ಕೊಳ್ಳಬೇಕೆಂದು ಕಾಡಿನ ಹೂ ತಂದು ವಿದೇಶಿ ಹೆಂಗಸಿಗೆ ಮಾರಿ ಕಾಸು ಕೂಡಿಸುತ್ತಾನೆ. ಕೊನೆಗೆ ಪುಸ್ತಕದ ಆಸೆ ಬಿಟ್ಟು ಆ ಕಾಸಿನಲ್ಲಿ ಮನೆಯವರಿಗೆ ಕಂಬಳಿ ತರುತ್ತಾನೆ. ಈ ಪಾತ್ರಕ್ಕೇ ಪುನೀತ್‌ಗೆ ಅತ್ಯುತ್ತಮ ಬಾಲನಟ ರಾಷ್ಟ್ರಪ್ರಶಸ್ತಿ ಬಂದಿದ್ದು. ಮೊದಲ ಪಲ್ಲವಿಗೆ ಹುಡುಗ ಪುಸ್ತಕದ ಮೇಲೆ ಕಣ್ಣಿಟ್ಟಿರುವ ಶಾಟ್, ಕೊನೆಯ ಪಲ್ಲವಿಗೆ ಕಂಬಳಿಯ ಶಾಟ್ ಬಿದ್ದರೆ ಹಾಡಿನ ಸಾಲು ಎರಡು ಕಡೆಯೂ ಒಂದೇ ಆಗಿದ್ದರೂ ಕೇಳುವ ಕಿವಿ ಬೇರೆ. ಮೊದಲ ಸಲ ಬೇಡುವ ಹುಡುಗ, ಎರಡನೆಯ ಸಲ ಕೊಡುವ ಹುಡುಗ. ನಡುವಿನ ಚರಣದಲ್ಲಿ ದೊಡ್ಡ ಪುನೀತ್ ಬಂದುಹೋದರೆ ವಾಕ್ಯ ಪೂರ್ತಿಯಾಗುತ್ತದೆ: ಕೊಡುವ ಗುಣ ಇವನಿಗೆ ಹುಟ್ಟಿನಿಂದ, ಅಪ್ಪನಿಂದ ಬಂತು.

ಇಲ್ಲಿಗೆ ಕಣ್ಣೀರು ಬರುತ್ತದೆ, ಬರಲಿ. ಆದರೆ ನೋಡುಗನ ಕೆಲಸ ಇನ್ನೂ ಸ್ವಲ್ಪ ಬಾಕಿ ಇದೆ. ರಾಮು ಒಂದು ಪಾತ್ರ. ಕಂಬಳಿ ತಂದಿದ್ದು ಕಥೆಗಾರರು ಬರೆದ ಹುಡುಗ, ಡಾ. ರಾಜ್ ಅವರ ಮನೆಯ ಮಗನಲ್ಲ. ಎಡಿಟ್ ಇವರಿಬ್ಬರ ನಡುವಿನ ಗೆರೆಯನ್ನು ಅಳಿಸಿಹಾಕಿದೆ, ಬೇಕೆಂದೇ ಅಳಿಸಿದೆ. ಅಳಿಸಿದ್ದು ಗೊತ್ತಿದ್ದೂ ಒಪ್ಪಿಕೊಳ್ಳುವುದು ಬೇರೆ, ಗೊತ್ತಾಗದೆ ಒಪ್ಪಿಕೊಳ್ಳುವುದು ಬೇರೆ. ತಾಳಮದ್ದಳೆಯ ಪಳಗಿದ ಪ್ರೇಕ್ಷಕ ಮೊದಲನೆಯ ಜಾತಿಯವನು: ಅರ್ಥಧಾರಿಯ ವಾದಕ್ಕೆ ತಲೆದೂಗುತ್ತಲೇ "ಮೂಲದಲ್ಲಿ ಹೀಗಿಲ್ಲ" ಎಂದು ಪಕ್ಕದವನ ಕಿವಿಯಲ್ಲಿ ಹೇಳುತ್ತಾನೆ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಒಂದೇ ಸಲ ನೋಡಿ ತೀರ್ಪು ಕೊಡುವುದು. ನಲವತ್ತು ಸೆಕೆಂಡಿನ ಎಡಿಟ್‌ಗೆ ಮಕ್ಕಳು ಹತ್ತು ಸಲ ಕೂರುತ್ತಾರೆ. ಅದು ಹತ್ತು ಸಲ ನೋಡಲೆಂದೇ ಮಾಡಿದ್ದು.

ಎಫೆಕ್ಟ್ ನೋಡಿ ಮರುಳಾಗುವುದು. ಮಿಂಚು, ನಡುಗುವ ಚಿತ್ರ, ಬೆಂಕಿಯ ಅಕ್ಷರ ಇವೆಲ್ಲ ಫೋನಿನ ಆ್ಯಪ್‌ಗಳಲ್ಲಿ ಸಿದ್ಧವಾಗಿ ಸಿಗುತ್ತವೆ. ಬರೀ ನೇರ ಕತ್ತರಿಯಲ್ಲಿ ಅರ್ಥ ಹುಟ್ಟಿಸುವುದು ಕಷ್ಟ. ಎರಡೂ ಕೈಗೆ ಬಂದರೆ ಎರಡನೆಯದಕ್ಕೆ ಹೆಚ್ಚು ಅಂಕ ಕೊಡಿ.

"ಗಾಯಕರ ಸ್ವರ ಹಾಳುಮಾಡಿದ್ದಾನೆ" ಎಂದು ಬೈಯುವುದು. ಸಂಗೀತ ಬಲ್ಲವರು ಹೆಚ್ಚಾಗಿ ಇಲ್ಲೇ ಎಡವುತ್ತಾರೆ. ಶ್ರುತಿ ಅರ್ಧ ಮನೆ ಏರಿದೆ, ಕಾಲಪ್ರಮಾಣ ಓಡಿದೆ, ಅದು ನಿಜ. ಹಕ್ಕುಸ್ವಾಮ್ಯದ ಹಾಡನ್ನು ಯೂಟ್ಯೂಬ್ ಯಂತ್ರವೇ ಗುರುತಿಸುತ್ತದೆ, ಕೆಲವೊಮ್ಮೆ ತಡೆಯುತ್ತದೆ, ಅದರ ಕಣ್ಣು ತಪ್ಪಿಸಲು ಕೆಲವರು ಹೀಗೆ ಮಾಡುತ್ತಾರೆ. ಇನ್ನು ಕೆಲವರು ಬೇಕೆಂದೇ ಹಾಡನ್ನು ನಿಧಾನ ಮಾಡಿ, ಗುಹೆಯಲ್ಲಿ ಹಾಡಿದ ಗುಂಗು ಸೇರಿಸುತ್ತಾರೆ. ಅದೊಂದು ಶೈಲಿ, ಹಿಡಿಸದಿದ್ದರೆ ಬಿಡಿ. ಮೂಲ ಹಾಡನ್ನು ಬೇರೆ ಕಿಟಕಿಯಲ್ಲಿ ಕೇಳಿ ಹೋಲಿಸಿದರೆ ಗೊಂದಲ ಇರದು.

ಎಡಿಟ್‌ನ ಚೌಕಟ್ಟನ್ನು ಸಿನಿಮಾದ ಮೇಲೆ ಹೊರಿಸುವುದು. ಅಗಲ ಪರದೆಯ ಸಿನಿಮಾ 2.35ಕ್ಕೆ 1ರ ಅಳತೆಯದು. ಅದನ್ನು ಫೋನಿನ ಉದ್ದ ನಿಲುವಿಗೆ, ಅಂದರೆ 9ಕ್ಕೆ 16ಕ್ಕೆ ಕತ್ತರಿಸಿದರೆ ಉಳಿಯುವುದು ಕಾಲು ಭಾಗಕ್ಕೂ ಕೊಂಚ ಕಡಿಮೆ. ಮುಕ್ಕಾಲು ಚಿತ್ರ ಹೊರಗೆ! ಇಬ್ಬರಿದ್ದ ಶಾಟ್‌ನಲ್ಲಿ ಒಬ್ಬರೇ ಉಳಿದಿರುತ್ತಾರೆ. "ಆ ಸಿನಿಮಾದ ಕ್ಯಾಮೆರಾ ಕೆಲಸ ಏನೂ ಇಲ್ಲ" ಎಂದು ಇಂಥ ತುಂಡು ನೋಡಿ ಹೇಳಬೇಡಿ.

ಇನ್ನೊಂದು ತಪ್ಪು ಮನೆಯೊಳಗಿನದು: "ಇದನ್ನು ನೋಡುವ ಬದಲು ಪೂರ್ತಿ ಸಿನಿಮಾ ನೋಡಬಾರದಾ?" ಎಂಬ ಉಪದೇಶ. ಎಡಿಟ್ ನೋಡಿದ ಬಿಸಿಯಲ್ಲೇ "ಬಾ, ಆ ಸೀನು ಮಾತ್ರ ಮೂಲದಲ್ಲಿ ನೋಡೋಣ" ಅಂದರೆ ಹತ್ತು ನಿಮಿಷ ಕೂರುತ್ತಾರೆ. ಹತ್ತು ನಿಮಿಷ ಕೆಲವೊಮ್ಮೆ ಅರ್ಧ ಸಿನಿಮಾ ಆಗುತ್ತದೆ. ಇಲ್ಲಿಯ ಕನ್ನಡ ಸಂಘದ ರಾಜ್ಯೋತ್ಸವಕ್ಕೆಂದು ದೋಹಾದ ಅಶೋಕ ಹಾಲ್‌ಗೆ ವರ್ಷಕ್ಕೊಮ್ಮೆ ಕರೆದೊಯ್ದು ಕೂರಿಸಿದ್ದಕ್ಕಿಂತ ಕನ್ನಡ ಇಲ್ಲಿ ಹೆಚ್ಚು ಕಿವಿಗೆ ಬೀಳುತ್ತದೆ ಅನ್ನುವುದು ನನ್ನ ಅಂದಾಜು. ಸಂಘದವರು ಕೋಪಿಸಿಕೊಳ್ಳಬಾರದು.

ಎಚ್ಚರ ಬೇಕಾದ ಕಡೆ

ಫ್ಯಾನ್ಸ್ ವಾರ್. ಒಬ್ಬ ನಟನನ್ನು ಹೊಗಳಲು ಇನ್ನೊಬ್ಬನ ಶಾಟ್‌ಗಳನ್ನು ಹೀಯಾಳಿಸುವಂತೆ ಜೋಡಿಸುವ ಎಡಿಟ್‌ಗಳು ಕನ್ನಡದಲ್ಲಿ ಬೇಕಾದಷ್ಟಿವೆ. ಕತ್ತರಿಯ ಕೆಲಸ ಅಚ್ಚುಕಟ್ಟಾಗಿಯೇ ಇರುತ್ತದೆ, ಅದೇ ಅಪಾಯ. ಕೆಳಗಿನ ಕಾಮೆಂಟ್‌ಗಳನ್ನು ಮಕ್ಕಳ ಜೊತೆ ಓದುವ ಧೈರ್ಯ ನಿಮಗಿದ್ದರೆ ಮಾತ್ರ ಅವನ್ನು ಫಾರ್ವರ್ಡ್ ಮಾಡಿ.

ತೀರಿಹೋದವರ ಸ್ವರ. ಎಐ ಬಳಸಿ ಇಲ್ಲದವರ ಕಂಠದಲ್ಲಿ ಹೊಸ ಹಾಡು ಹಾಡಿಸುವ ವಿಡಿಯೊಗಳು ಬರುತ್ತಿವೆ. ಎಡಿಟ್ ಇದ್ದ ಚಿತ್ರವನ್ನು ಬೇರೆ ಕ್ರಮದಲ್ಲಿ ಇಡುತ್ತದೆ. ಇದು ಇಲ್ಲದ್ದನ್ನು ಇದೆ ಅನ್ನುತ್ತದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಎಐ ಎಂದು ಹೇಳಿಕೊಂಡಿಲ್ಲದ ವಿಡಿಯೊ ಆದರೆ ಅನುಮಾನ ಇಟ್ಟುಕೊಂಡೇ ಕೇಳಿ.

ಮಕ್ಕಳು ತಾವೇ ಮಾಡಲು ಹೊರಟರೆ. ಹೊರಡುತ್ತಾರೆ, ಹೊರಡಲಿ. ಆದರೆ ಕತಾರ್‌ನಲ್ಲಿ ಇದ್ದೇವೆ ಅನ್ನುವುದು ನೆನಪಿರಲಿ. ಸಿನಿಮಾ ತುಣುಕಿನ ನಡುವೆ ಸೂಕ್ ವಾಕಿಫ್‌ನಲ್ಲೋ ಕಾರ್ನಿಶ್‌ನಲ್ಲೋ ತಾವು ತೆಗೆದ ಶಾಟ್ ಸೇರಿಸುವ ಆಸೆ ಹುಡುಗರಿಗೆ ಇರುತ್ತದೆ. ಕಟ್ಟಡ, ಕಡಲು, ದೋಣಿ ಸರಿ. ಗುರುತು ಸಿಗುವ ಅಪರಿಚಿತರು, ಅದರಲ್ಲೂ ಹೆಂಗಸರು, ಕುಟುಂಬಗಳು ಚೌಕಟ್ಟಿನೊಳಗೆ ಬಂದರೆ ಆ ಶಾಟ್ ಬಿಟ್ಟುಬಿಡಿ. ಒಪ್ಪಿಗೆಯಿಲ್ಲದೆ ಚಿತ್ರ ತೆಗೆದು ಹಂಚುವುದು ಇಲ್ಲಿಯ ದಂಡಸಂಹಿತೆ ಮತ್ತು 2014ರ ಸೈಬರ್ ಅಪರಾಧ ಕಾನೂನಿನ ವ್ಯಾಪ್ತಿಗೆ ಬರುತ್ತದೆ, ಜೈಲು ದಂಡ ಎರಡೂ ಇವೆ. ಅಪಘಾತದ ದೃಶ್ಯವಂತೂ ಕೂಡದೇ ಕೂಡದು. ಹಾಡು ಮತ್ತು ದೃಶ್ಯದ ವಿಷಯಕ್ಕೆ 2002ರ 7ನೇ ಸಂಖ್ಯೆಯ ಹಕ್ಕುಸ್ವಾಮ್ಯ ಕಾನೂನು ಇಲ್ಲಿ ಜಾರಿಯಲ್ಲಿದೆ. ಮನೆಯವರ ಗ್ರೂಪಿನಲ್ಲಿ ಇಟ್ಟುಕೊಳ್ಳುವುದು ನೆಮ್ಮದಿಯ ದಾರಿ. ಎಡಿಟ್‌ನಿಂದ ದುಡ್ಡು ಮಾಡುವ ಯೋಚನೆ ಬೇಡ.

ಹಂಚುವಾಗ, ಮೆಚ್ಚುವಾಗ

ಮೆಚ್ಚಿದರೆ ಮಾಡಿದವರಿಗೆ ಹೇಳಿ. "ಸೂಪರ್", ಬೆಂಕಿ ಚಿಹ್ನೆ ಇವು ಅವರಿಗೆ ದಿನಕ್ಕೆ ನೂರು ಸಿಗುತ್ತವೆ. "ಕೊನೆಯ ಪಲ್ಲವಿಗೆ ಕಂಬಳಿಯ ಶಾಟ್ ಇಟ್ಟಿದ್ದು ನೋಡಿ ಮೂಲ ಸಿನಿಮಾ ಮತ್ತೆ ನೋಡಿದೆ" ಎಂದು ಬರೆದರೆ ಯಾರೋ ಕೂತು ರಾತ್ರಿಯೆಲ್ಲ ಕತ್ತರಿಸಿದ್ದಕ್ಕೆ ಬೆಲೆ ಬಂತು. ಮಗಳಿಗೂ ಹೀಗೆಯೇ ಒಂದು ಶಾಟ್ ಹೆಸರಿಸಿ ಹೇಳಿ.

ಊರಿಗೆ ಕಳಿಸುವುದಿದ್ದರೆ ಒಂದು ವಿಷಯ. ಕತಾರ್‌ನಲ್ಲಿ ಟಿಕ್‌ಟಾಕ್ ತೆರೆಯುತ್ತದೆ, ಭಾರತದಲ್ಲಿ ಅದನ್ನು 2020ರ ಜೂನ್ 29ರಂದು ನಿಷೇಧಿಸಲಾಯಿತು. ಇಲ್ಲಿಂದ ಕಳಿಸಿದ ಲಿಂಕ್ ಉಡುಪಿಯಲ್ಲೋ ಹಾಸನದಲ್ಲೋ ಇರುವ ಅಜ್ಜಿಯ ಫೋನಿನಲ್ಲಿ ತೆರೆಯುವುದಿಲ್ಲ. ಅದೇ ಎಡಿಟ್ ಯೂಟ್ಯೂಬಿನಲ್ಲೋ ಇನ್‌ಸ್ಟಾಗ್ರಾಮಿನಲ್ಲೋ ಇದೆಯೇ ಎಂದು ನೋಡಿ ಆ ಲಿಂಕ್ ಕಳಿಸಿ. ವಿಡಿಯೊವನ್ನೇ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಅದು ಗಾತ್ರ ಇಳಿಸಿ ಚಿತ್ರವನ್ನು ಮಸುಕು ಮಾಡುತ್ತದೆ, ಹಾಗಾಗಿ ಡಾಕ್ಯುಮೆಂಟ್ ಎಂದು ಆಯ್ಕೆ ಮಾಡಿ ಕಳಿಸಿ. ಜೊತೆಗೆ ಯಾವ ಸಿನಿಮಾ, ಯಾವ ಹಾಡು ಎಂದು ಒಂದು ಸಾಲು ಬರೆಯಿರಿ. 'ಕಸ್ತೂರಿ ನಿವಾಸ'ವನ್ನು ಟಾಕೀಸಿನಲ್ಲಿ ನೋಡಿದವರು ಅವರು. ಏನು ಬಿಟ್ಟಿದ್ದಾನೆ ಅನ್ನುವುದನ್ನು ಮೊದಲು ಹೇಳುವವರೂ ಅವರೇ ಇರಬಹುದು.